ಸ್ಮ್ಯಾಶ್‌ಗಿಂತ ಮೊದಲು ಪಾಸ್: ಎಳೆಯ ವಾಲಿಬಾಲ್ ಆಟಗಾರರಿಗೆ ಮೂಲಪಾಠಗಳು

ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಕಬಡ್ಡಿಯಷ್ಟೇ ಪ್ರೀತಿಯಿಂದ ಆಡುವ ಇನ್ನೊಂದು ಆಟ ವಾಲಿಬಾಲ್. ಎರಡು ಕಂಬ, ಒಂದು ನೆಟ್, ಒಂದು ಚೆಂಡು ಮತ್ತು ಸಮತಟ್ಟಾದ ಜಾಗ ಇದ್ದರೆ ಸಾಕು. ಪುತ್ತೂರಿನಿಂದ ಕಾಣಿಯೂರಿನತ್ತ ಹೋಗುವ ದಾರಿಯಲ್ಲಿರುವ, ಈಗ ಕಡಬ ತಾಲೂಕಿಗೆ ಸೇರಿರುವ ಸವಣೂರಿನಂತಹ ಊರುಗಳಲ್ಲಿ ಮಳೆಗಾಲ ಮುಗಿದೊಡನೆ ಹೊನಲು ಬೆಳಕಿನ ಪಂದ್ಯಾಟಗಳ ಸುದ್ದಿ ಶುರುವಾಗುತ್ತದೆ. ಇಂತಹ ಪಂದ್ಯಾಟಗಳಲ್ಲಿ ಜನ ಚಪ್ಪಾಳೆ ತಟ್ಟುವುದು ಹೆಚ್ಚಾಗಿ ಸ್ಮ್ಯಾಶ್‌ಗೆ. ಆದ್ದರಿಂದ ಹನ್ನೆರಡು ವರ್ಷದ ಹುಡುಗನೂ ಮೊದಲ ದಿನವೇ ನೆಗೆದು ಹೊಡೆಯಲು ಹವಣಿಸುತ್ತಾನೆ. ಫಲವೇನು? ಚೆಂಡನ್ನು ಸರಿಯಾಗಿ ಸ್ವೀಕರಿಸಲು ಕಲಿಯುವ ಮೊದಲೇ ಅವನ ಮೊಣಕಾಲು, ಭುಜಗಳು ಸೋಲತೊಡಗುತ್ತವೆ. ಧರ್ಮಕೇಂದ್ರಗಳ ಯುವ ಸಂಘಗಳೂ ಶಾಲೆಗಳೂ ಈ ಕ್ರಮವನ್ನು ತಿದ್ದಬೇಕೆಂಬುದು ನಮ್ಮ ಆಶಯ.

ಆಟ ಬದಲಾಗಿದೆ

1895ರಲ್ಲಿ ಅಮೆರಿಕದ ಹೋಲಿಯೋಕ್ ಪಟ್ಟಣದ ವೈಎಂಸಿಎ ಸಂಸ್ಥೆಯಲ್ಲಿ ದೈಹಿಕ ಶಿಕ್ಷಣದ ಹೊಣೆ ಹೊತ್ತಿದ್ದ ವಿಲಿಯಂ ಮಾರ್ಗನ್ ಈ ಆಟವನ್ನು ರೂಪಿಸಿದರು. ಬಾಸ್ಕೆಟ್‌ಬಾಲ್‌ನ ಓಟ, ನೂಕಾಟ ತಾಳಲಾಗದ ಹಿರಿಯ ಸದಸ್ಯರಿಗೆ ಹಗುರವಾದ ವ್ಯಾಯಾಮ ದೊರೆಯಲಿ ಎಂಬುದು ಅವರ ಉದ್ದೇಶವಾಗಿತ್ತು. ಇಂದಿನ ವಾಲಿಬಾಲ್ ಹಾಗಿಲ್ಲ. ಪುರುಷರ ನೆಟ್ 2.43 ಮೀಟರ್, ಮಹಿಳೆಯರದು 2.24 ಮೀಟರ್ ಎತ್ತರವಿದ್ದು, ಅದರ ಮೇಲೆ ನೆಗೆದು ಹೊಡೆಯುವುದು, ತಡೆಯುವುದು ಆಟದ ಜೀವಾಳವಾಗಿದೆ.

ಅಂಕದ ನಿಯಮವೂ ಬದಲಾಗಿದೆ. ಹಿಂದೆ ಸರ್ವಿಸ್ ಮಾಡುವ ತಂಡಕ್ಕೆ ಮಾತ್ರ ಅಂಕ ಸಿಗುತ್ತಿತ್ತು. ಸರ್ವಿಸ್ ನೆಟ್‌ಗೆ ಬಡಿದರೆ ಸರ್ವಿಸ್ ಕೈತಪ್ಪುತ್ತಿತ್ತೇ ಹೊರತು ಎದುರಾಳಿಗೆ ಅಂಕ ಸೇರುತ್ತಿರಲಿಲ್ಲ. 1998ರಲ್ಲಿ ಅಂತರರಾಷ್ಟ್ರೀಯ ವಾಲಿಬಾಲ್ ಒಕ್ಕೂಟ ಒಪ್ಪಿಕೊಂಡ ರ‍್ಯಾಲಿ ಪದ್ಧತಿಯಲ್ಲಿ ಪ್ರತಿಯೊಂದು ತಪ್ಪಿಗೂ ಎದುರಾಳಿಗೆ ಒಂದು ಅಂಕ. 25 ಅಂಕಗಳ ಸೆಟ್‌ನಲ್ಲಿ ನಾಲ್ಕು ಸರ್ವಿಸ್ ಹಾಳಾಯಿತೆಂದರೆ ನಾಲ್ಕು ಅಂಕ ದಾನ ಮಾಡಿದಂತೆ. ಹಳೆಯ ಪದ್ಧತಿಯಲ್ಲಿ ಆಡಿ ಬೆಳೆದ ಹಿರಿಯರು ಮಕ್ಕಳಿಗೆ ಕಲಿಸುವಾಗ ಇದನ್ನು ಗಮನದಲ್ಲಿಡಬೇಕು. ಇಂದು ಗೆಲ್ಲುವುದು ಹೆಚ್ಚು ಬಲದಿಂದ ಹೊಡೆಯುವ ತಂಡಕ್ಕಿಂತ ಕಡಿಮೆ ತಪ್ಪು ಮಾಡುವ ತಂಡ.

ಕಲಿಕೆಯ ಕ್ರಮ

ಮೊದಲನೆಯದು ನಿಲುವು. ಪಾದಗಳು ಭುಜದಗಲಕ್ಕಿಂತ ಸ್ವಲ್ಪ ಹೆಚ್ಚು ದೂರ, ಮೊಣಕಾಲು ಬಾಗಿ, ದೇಹದ ಭಾರ ಪಾದದ ಮುಂಭಾಗದ ಮೇಲಿರಬೇಕು. ನೆಟ್ಟಗೆ ನಿಂತವನಿಗೆ ಚೆಂಡು ಬಂದ ಮೇಲೆ ಚಲಿಸಲು ಸಮಯವಿರುವುದಿಲ್ಲ.

ಎರಡನೆಯದು ಮುಂಗೈ ಪಾಸ್. ಎರಡೂ ಕೈಗಳನ್ನು ಜೋಡಿಸಿ, ಹೆಬ್ಬೆರಳುಗಳನ್ನು ಸಮವಾಗಿಟ್ಟು, ಮೊಣಕೈ ಬಾಗಿಸದೆ, ಮಣಿಕಟ್ಟಿನ ಮೇಲ್ಭಾಗದಲ್ಲಿ ಚೆಂಡನ್ನು ಪಡೆಯಬೇಕು. ಕೈ ಬೀಸಬಾರದು; ಎತ್ತುವ ಕೆಲಸ ಕಾಲುಗಳದ್ದು. ಒಂದು ತಂಡಕ್ಕೆ ಸಿಗುವುದು ಮೂರು ಸ್ಪರ್ಶ ಮಾತ್ರ. ಮೊದಲ ಸ್ಪರ್ಶ ಕೆಟ್ಟರೆ ಲಿಫ್ಟರ್ ಓಡಬೇಕು, ಲಿಫ್ಟ್ ಕೆಟ್ಟರೆ ಎಂತಹ ಹೊಡೆತಗಾರನೂ ನಿಸ್ಸಹಾಯಕ.

ಮೂರನೆಯದು ಲಿಫ್ಟ್. ಹಣೆಯ ಮುಂದೆ ಎರಡೂ ಕೈಗಳ ಬೆರಳುಗಳನ್ನು ಬಟ್ಟಲಿನಂತೆ ಅರಳಿಸಿ, ಬೆರಳಿನಿಂದ ಚೆಂಡನ್ನು ಮೃದುವಾಗಿ ಮೇಲೆ ಕಳಿಸಬೇಕು. ಅಂಗೈ ತಾಗಬಾರದು. ಶಾಲೆಯ ಗೋಡೆಯೆದುರು ದಿನಕ್ಕೆ ನೂರು ಬಾರಿ ಅಭ್ಯಾಸ ಮಾಡಲು ಯಾವ ಖರ್ಚೂ ಇಲ್ಲ.

ನಾಲ್ಕನೆಯದು ಸರ್ವಿಸ್. ಎಳೆಯರು ಕೆಳಗೈ ಸರ್ವಿಸ್‌ನಿಂದ ಆರಂಭಿಸಲಿ. ಹತ್ತರಲ್ಲಿ ಎಂಟು ಅಂಕಣದೊಳಗೆ ಬೀಳತೊಡಗಿದ ಮೇಲೆ ಮೇಲ್ಗೈ ಸರ್ವಿಸ್‌ಗೆ ಹೋಗಬಹುದು.

ಸ್ಮ್ಯಾಶ್ ಮತ್ತು ಬ್ಲಾಕ್ ಇವೆಲ್ಲದರ ನಂತರ. ಸಣ್ಣ ಮಕ್ಕಳಿಗೆ ಹಗುರ ಚೆಂಡು, ಕಿರಿದಾದ ಅಂಕಣ, ತಗ್ಗಿಸಿದ ನೆಟ್ ಇರಲಿ. ದೊಡ್ಡವರ ನೆಟ್ಟಿನಡಿಯಲ್ಲಿ ಮಗು ಕಲಿಯುವುದು ತಪ್ಪು ಭಂಗಿಗಳನ್ನೇ.

ನೆಗೆಯುವುದಕ್ಕಿಂತ ಇಳಿಯುವುದು ಮುಖ್ಯ

ವಾಲಿಬಾಲ್‌ನಲ್ಲಿ ಅತಿ ಹೆಚ್ಚಾಗಿ ಆಗುವ ಗಾಯ ಪಾದದ ಗಂಟು ಉಳುಕುವುದು. ನೆಟ್ ಬಳಿ ನೆಗೆದು ಇಳಿಯುವಾಗ ಇನ್ನೊಬ್ಬರ ಪಾದದ ಮೇಲೆ ಕಾಲಿಡುವುದೇ ಇದಕ್ಕೆ ಮುಖ್ಯ ಕಾರಣ. ಎರಡನೆಯದು ಮೊಣಕಾಲ ಚಿಪ್ಪಿನ ಕೆಳಗಿನ ನೋವು. ಇದು ಒಂದೇ ದಿನದಲ್ಲಿ ಬರುವುದಿಲ್ಲ. ನಮ್ಮ ಮುರಕಲ್ಲಿನ ಗಟ್ಟಿ ನೆಲದಲ್ಲಿ ತಿಂಗಳುಗಟ್ಟಲೆ ನೆಗೆದ ಮೇಲೆ ಬರುತ್ತದೆ. ಎತ್ತರಕ್ಕೆ ಬೆಳೆಯುತ್ತಿರುವ ವಯಸ್ಸಿನಲ್ಲಿ ಎಲುಬು ಇನ್ನೂ ಬಲಿಯುತ್ತಿರುವುದರಿಂದ ಅಪಾಯ ಹೆಚ್ಚು.

ಆದ್ದರಿಂದ ಎರಡೂ ಪಾದಗಳ ಮೇಲೆ, ಮೊಣಕಾಲು ಬಾಗಿಸಿ, ಮೊಣಕಾಲುಗಳು ಒಳಕ್ಕೆ ವಾಲದಂತೆ ಇಳಿಯಲು ಕಲಿಸಿ. ಇಳಿಯುವ ಸದ್ದು ಕೇಳಿಸದಿದ್ದರೆ ಕಲಿಕೆ ಸರಿಯಾಗಿದೆ ಎಂದರ್ಥ. ಒಂದೂವರೆ ಗಂಟೆಯ ಅಭ್ಯಾಸವಾದರೆ ಮೊದಲ ಹದಿನೈದು ನಿಮಿಷ ನಿಧಾನ ಓಟ ಮತ್ತು ಕೈಕಾಲುಗಳ ಚಲನೆಗೆ ಮೀಸಲಿರಲಿ. ಬಸ್ಕಿ, ಒಂಟಿಕಾಲಿನ ಸಮತೋಲನ, ದಂಡ, ಹಗ್ಗದಾಟ ಇವಿಷ್ಟನ್ನು ವಾರಕ್ಕೆ ಎರಡು ಮೂರು ದಿನ ಮಾಡಿದರೆ ಕಾಲು, ಸೊಂಟ, ಭುಜ ಗಟ್ಟಿಯಾಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರಾಗಿರುವಾಗ ಸಭಾಭವನದಲ್ಲೋ ಶಾಲೆಯ ಜಗಲಿಯಲ್ಲೋ ಇದನ್ನು ಮುಂದುವರಿಸಬಹುದು. ವಾರದಲ್ಲಿ ಒಂದು ದಿನವಾದರೂ ಪೂರ್ಣ ವಿಶ್ರಾಂತಿ, ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಹದಿಹರೆಯದವರಿಗೆ ಅಗತ್ಯ. ಮಧ್ಯರಾತ್ರಿ ಕಳೆದರೂ ಮುಗಿಯದ ಪಂದ್ಯಾಟಗಳಲ್ಲಿ ಶಾಲಾ ಮಕ್ಕಳನ್ನು ಆಡಿಸುವುದು ಸರಿಯೇ ಎಂದು ಸಂಘಟಕರು ಯೋಚಿಸಬೇಕು.

ಆಹಾರಕ್ಕಾಗಿ ಡಬ್ಬಿಗಳಲ್ಲಿ ಬರುವ ದುಬಾರಿ ಪುಡಿ ಬೇಕಿಲ್ಲ. ಕುಚ್ಚಲಕ್ಕಿ ಗಂಜಿ, ಹೆಸರುಕಾಳು, ಮೊಟ್ಟೆ, ಮೀನು, ಬಾಳೆಹಣ್ಣು ನಮ್ಮ ಮನೆಗಳಲ್ಲೇ ಇವೆ. ಕರಾವಳಿಯ ಸೆಕೆಯಲ್ಲಿ ಬೆವರು ಬಹಳ ಹರಿಯುವುದರಿಂದ ನೀರು, ಉಪ್ಪು ಹಾಕಿದ ಮಜ್ಜಿಗೆ ಅಥವಾ ಎಳನೀರನ್ನು ಆಟದ ನಡುವೆಯೂ ಕೊಡಿ. ಮರುದಿನ ಬೆಳಿಗ್ಗೆಯೂ ನೋವು ಉಳಿದಿದ್ದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ನೋವಿನ ಮಾತ್ರೆ ನುಂಗಿಸಿ ಫೈನಲ್ ಆಡಿಸುವುದು ಮಗುವಿಗೆ ಮಾಡುವ ಅನ್ಯಾಯ.

ದಾರಿ ತೆರೆದಿದೆ

ಹಳ್ಳಿಯ ಅಂಕಣದಿಂದ ದೂರ ಹೋಗಬಹುದೇ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯ ಅಶ್ವಲ್ ರೈ ಉತ್ತರವಾಗಿದ್ದಾರೆ. 2022ರಲ್ಲಿ ಮೊದಲ ಪ್ರೈಮ್ ವಾಲಿಬಾಲ್ ಲೀಗ್ ಗೆದ್ದ ಕೋಲ್ಕತ್ತಾ ಥಂಡರ್‌ಬೋಲ್ಟ್ಸ್ ತಂಡಕ್ಕೆ ಅವರೇ ನಾಯಕ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಮೂರು ಬಾರಿಯ ಚಾಂಪಿಯನ್ ದಕ್ಷಿಣ ಕೊರಿಯವನ್ನು ಐದು ಸೆಟ್‌ಗಳಲ್ಲಿ ಮಣಿಸಿದ ಭಾರತ ತಂಡದಲ್ಲೂ ಅವರಿದ್ದರು. ನೆಟ್ ನಡುವೆ ನಿಂತು ಬ್ಲಾಕ್ ಮಾಡುವ ಅವರ ಸ್ಥಾನಕ್ಕೆ ಎತ್ತರದ ಜೊತೆಗೆ ಸಮಯಪ್ರಜ್ಞೆ ಮತ್ತು ಗಟ್ಟಿ ಕಾಲುಗಳು ಬೇಕು. ಇವೆರಡೂ ಅಭ್ಯಾಸದಿಂದ ಬರುವಂಥವು.

ಎತ್ತರ ಕಡಿಮೆಯಿರುವ ಮಕ್ಕಳೂ ಎದೆಗುಂದಬೇಕಿಲ್ಲ. 1998ರಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ಬಂದ ಲಿಬೆರೊ ಸ್ಥಾನ ಅಂಥವರಿಗೇ ಹೇಳಿಮಾಡಿಸಿದಂತಿದೆ. ಲಿಬೆರೊ ಸ್ಮ್ಯಾಶ್ ಹೊಡೆಯುವುದಿಲ್ಲ, ಬ್ಲಾಕ್ ಮಾಡುವುದಿಲ್ಲ, ಸ್ವೀಕರಿಸಿ ಉಳಿಸಿಕೊಡುವುದೇ ಅವನ ಕೆಲಸ.

ಧರ್ಮಕೇಂದ್ರಗಳ ಮುಖಂಡರಲ್ಲಿ ಒಂದು ವಿನಂತಿ. ಪಂದ್ಯಾಟದ ಟ್ರೋಫಿಗೆ ಖರ್ಚು ಮಾಡುವ ಹಣದಲ್ಲಿ ಒಂದಂಶವನ್ನು ನಾಲ್ಕು ಒಳ್ಳೆಯ ಚೆಂಡುಗಳಿಗೆ, ತರಬೇತಿ ಪಡೆದ ದೈಹಿಕ ಶಿಕ್ಷಕರ ಪ್ರಯಾಣಭತ್ಯೆಗೆ ಮೀಸಲಿಡಿ. ಹೆಣ್ಣುಮಕ್ಕಳಿಗೆ ಕತ್ತಲಾಗುವ ಮೊದಲು ಮುಗಿಯುವ ಪ್ರತ್ಯೇಕ ಸಮಯ ಕೊಡಿ, ಜೊತೆಗೆ ಜವಾಬ್ದಾರಿಯುತ ಮಹಿಳೆಯೊಬ್ಬರು ಇರಲಿ. ಮುಂದಿನ ಪಂದ್ಯಾಟದಲ್ಲಿ ಉತ್ತಮ ಹೊಡೆತಗಾರನಿಗೆ ಬಹುಮಾನ ಕೊಡುವಾಗ ಉತ್ತಮ ಪಾಸ್ ಕೊಟ್ಟ ಆಟಗಾರನನ್ನೂ ವೇದಿಕೆಗೆ ಕರೆಯಿರಿ. ಏನು ಕಲಿಯಬೇಕೆಂಬುದು ಮಕ್ಕಳಿಗೆ ಆಗ ತಾನಾಗಿ ತಿಳಿಯುತ್ತದೆ.