ಹಳೆಯ ಕಂಪ್ಯೂಟರುಗಳೂ ದಾಖಲೆಗಳ ರಕ್ಷಣೆಯೂ

ಒಂದು ಯಂತ್ರವು ಹಳೆಯದಾಯಿತೆಂದು ನಾವು ನಿರ್ಣಯಿಸುವುದು ಯಾವ ಆಧಾರದಿಂದ? 2025ರ ಅಕ್ಟೋಬರ್ 14ರಂದು ವಿಂಡೋಸ್ 10 ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಮುಂದಿನ ವ್ಯವಸ್ಥೆಗೆ ಹೊಂದದ ಎಷ್ಟೋ ಕಂಪ್ಯೂಟರುಗಳು, ಕೆಟ್ಟುಹೋಗದಿದ್ದರೂ, ನಿರುಪಯುಕ್ತವೆನಿಸಿವೆ. ಇಂತಹ ಯಂತ್ರಗಳಿಂದ ಒಂದು ವಿದ್ಯಾಸಂಸ್ಥೆಯು ತನ್ನ ಜಾಲತಾಣವನ್ನೂ ದಾಖಲೆಗಳ ಭಂಡಾರವನ್ನೂ ತಾನೇ ನಡೆಸಿಕೊಳ್ಳುವ ಬಗೆಯನ್ನು, ಅದರ ಮಿತಿಗಳೊಡನೆ, ಇಲ್ಲಿ ವಿವೇಚಿಸಲೆಳಸಿದ್ದೇವೆ.

ಸರ್ವರು ಎಂದರೆ ಯಾವುದೋ ಮಹಾಯಂತ್ರವೆಂಬ ಭಾವನೆ ನಮ್ಮಲ್ಲುಂಟು. ಇತಿಹಾಸವು ಇದನ್ನು ಸಮರ್ಥಿಸುವುದಿಲ್ಲ. 1990ರ ಕೊನೆಯಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಗತ್ತಿನ ಮೊತ್ತಮೊದಲ ವೆಬ್ ಸರ್ವರನ್ನು ನಡೆಸಿದ್ದು ತಾವು ಕೆಲಸ ಮಾಡುತ್ತಿದ್ದ ನೆಕ್ಸ್ಟ್ ಕಂಪ್ಯೂಟರಿನಲ್ಲಿಯೇ. ಅದನ್ನು ಯಾರೂ ನಿಲ್ಲಿಸಕೂಡದೆಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿಯೊಂದು ಅದರ ಮೇಲಿತ್ತು. ಅದರ ಪ್ರೊಸೆಸರಿನ ವೇಗ 25 ಮೆಗಾಹರ್ಟ್ಸ್. ಇಂದು ನಾವು ಮೂಲೆಗೆ ಸೇರಿಸುವ ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿನದು ಸಾಮಾನ್ಯವಾಗಿ 2,000 ಮೆಗಾಹರ್ಟ್ಸಿನ ಆಸುಪಾಸಿನದು. ಕೇಳಿದವರಿಗೆ ಬರಹವನ್ನೂ ಚಿತ್ರವನ್ನೂ ಕಳುಹಿಸುವುದು ಅಷ್ಟು ಹಗುರವಾದ ಕಾರ್ಯ. 1993ರಲ್ಲಿ ಆರಂಭವಾದ ಡೆಬಿಯನ್ ಮುಂತಾದ ಉಚಿತ ಲಿನಕ್ಸ್ ವ್ಯವಸ್ಥೆಗಳು ಇಂತಹ ಯಂತ್ರಗಳಲ್ಲಿ ಸುಗಮವಾಗಿ ನಡೆಯುತ್ತವೆ.

ಆದರೆ ಹಳೆಯದೆಲ್ಲವೂ ಮಿತವ್ಯಯದ್ದಲ್ಲ. ಸರ್ವರು ಹಗಲಿರುಳೂ ನಡೆಯತಕ್ಕದ್ದು. ನಿರಂತರವಾಗಿ 60 ವ್ಯಾಟ್ ಬಳಸುವ ಮೇಜಿನ ಕಂಪ್ಯೂಟರಿಗೆ ವರ್ಷಕ್ಕೆ ಸುಮಾರು 526 ಯೂನಿಟ್ ವಿದ್ಯುತ್ತು ಬೇಕು. 10 ವ್ಯಾಟ್ ಬಳಸುವ ಲ್ಯಾಪ್‌ಟಾಪಿಗೆ ಸುಮಾರು 88 ಯೂನಿಟ್ ಸಾಕು. ಲ್ಯಾಪ್‌ಟಾಪು ಪರಿಸರದ ಮೇಲೆ ಹೊರಿಸುವ ಭಾರದ ಬಹುಭಾಗವು ಅದರ ತಯಾರಿಕೆಯಲ್ಲಿಯೇ ತಗಲುವುದರಿಂದ, ಅದರ ಆಯುಷ್ಯವನ್ನು ಹೆಚ್ಚಿಸುವುದು ಯುಕ್ತವಾದದ್ದು. ವಿದ್ಯುತ್ತು ಹೋದಾಗ ಅದರ ಬ್ಯಾಟರಿಯೇ ಆಸರೆಯಾಗುತ್ತದೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ತೆಗೆಯಲೇಬೇಕು. ಹೊರಗಿನವರೂ ನೋಡಬೇಕಾದರೆ ಇಂಟರ್ನೆಟ್ ಒದಗಿಸುವವರಿಂದ ಸಾರ್ವಜನಿಕ ವಿಳಾಸವೊಂದನ್ನು ಪಡೆಯಬೇಕು, ಭದ್ರತೆಯ ಪರಿಷ್ಕರಣಗಳನ್ನು ತಪ್ಪದೆ ಮಾಡಬೇಕು. ಇದು ಸಾಧ್ಯವಿಲ್ಲದೆಡೆ ಕಾಲೇಜಿನ ಒಳಜಾಲಕ್ಕಷ್ಟೇ ಸೇವೆ ಒದಗಿಸುವುದು ಲೇಸು.

ಇಷ್ಟು ಶ್ರಮವೇಕೆ ಎಂದು ವಾಚಕರು ಕೇಳಬಹುದು. ಲಕ್ಷಾಂತರ ಜನರು ತಮ್ಮ ಪುಟಗಳನ್ನಿರಿಸಿದ್ದ ಜಿಯೋಸಿಟೀಸ್ ಸೇವೆಯನ್ನು ಯಾಹೂ ಸಂಸ್ಥೆಯು 2009ರಲ್ಲಿ ಜಪಾನಿನ ಹೊರಗೆಲ್ಲ ಮುಚ್ಚಿತು. ಸ್ವಯಂಸೇವಕರು ನಕಲು ಮಾಡಿಕೊಂಡವು ಉಳಿದವು; ಮಿಕ್ಕ ಎಷ್ಟೋ ಅಳಿದವು. ನಮ್ಮ ವಿಭಾಗಗಳು ಸಂಗ್ರಹಿಸುವ ಶಾಸನಗಳ ಛಾಯಾಚಿತ್ರಗಳೂ ಊರ ಹಿರಿಯರ ಹೇಳಿಕೆಗಳೂ ಅನ್ಯರ ಕೃಪೆಯಲ್ಲಿ ಮಾತ್ರ ಇದ್ದರೆ ಅವುಗಳಿಗೂ ಇದೇ ಗತಿ ಒದಗಬಹುದು.

ಹಾಗೆಂದು ಸ್ವಂತ ಯಂತ್ರವೊಂದೇ ರಕ್ಷೆಯಲ್ಲ. ಸರ್ನಿನ ಆ ಕಂಪ್ಯೂಟರು ಇಂದಿಗೂ ಉಳಿದಿದೆ. ಆದರೆ 2013ರಲ್ಲಿ ಮೊದಲ ಜಾಲತಾಣವನ್ನು ಪುನಃಸ್ಥಾಪಿಸಹೊರಟಾಗ ಅವರು ಬಳಸಬೇಕಾದದ್ದು 1992ರ ಪ್ರತಿಯನ್ನು. ಯಂತ್ರವು ಉಳಿಯಿತು, ಬರಹದ ಆದಿರೂಪವು ಉಳಿಯಲಿಲ್ಲ. ನಮ್ಮ ಓಲೆಗರಿಯ ಗ್ರಂಥಗಳು ಬಾಳಿದ್ದು ಗರಿಯ ಬಲದಿಂದಲ್ಲ, ತಲೆಮಾರಿನಿಂದ ತಲೆಮಾರಿಗೆ ಪ್ರತಿ ಮಾಡಿದವರ ಶ್ರದ್ಧೆಯಿಂದ. ಆದುದರಿಂದ ಹಳೆಯ ಕಂಪ್ಯೂಟರನ್ನು ಸರ್ವರಾಗಿಸುವ ವಿಭಾಗವು ಇನ್ನೆರಡು ಪ್ರತಿಗಳನ್ನು ಬೇರೆ ಡಿಸ್ಕುಗಳಲ್ಲಿ, ಅವುಗಳಲ್ಲೊಂದನ್ನು ಬೇರೆ ಕಟ್ಟಡದಲ್ಲಿ, ಇರಿಸತಕ್ಕದ್ದು. ಅದರ ಹೊಣೆಯನ್ನು ಒಬ್ಬರಿಂದ ಮತ್ತೊಬ್ಬರಿಗೆ ವಿಧಿವತ್ತಾಗಿ ವಹಿಸತಕ್ಕದ್ದು. ಯಂತ್ರದ ವಯಸ್ಸಿಗಿಂತ ಈ ಪರಂಪರೆಯೇ ಮುಖ್ಯವೆಂದು ನಾವು ಭಾವಿಸುತ್ತೇವೆ.