ಒಂದು ಪಟ್ಟಿ, ಒಂದು ಎರಿ: ಆಫ್ರಿಕಾ ಹಳ್ಳಿಗಳ ಅಗ್ಗದ ಜೇನುಪೆಟ್ಟಿಗೆ

ಪೂರ್ವ ಆಫ್ರಿಕಾದ ಹಳ್ಳಿಗಳಲ್ಲಿ ಜೇನು ಸಾಕಣೆ ಹಳೇ ಕಸುಬು. ಟೊಳ್ಳು ಮರದ ದಿಮ್ಮಿಯನ್ನು ಎತ್ತರದ ಕೊಂಬೆಗೆ ಕಟ್ಟಿ, ರಾತ್ರಿ ಹತ್ತಿ, ಹೊಗೆ ಹಾಕಿ ಜೇನು ತೆಗೀತಾರೆ. ಆದರೆ ದಿಮ್ಮಿಯೊಳಗೆ ಜೇನಿನ ಎರಿ ಯಾವುದು, ಮರಿ ಇರೋ ಎರಿ ಯಾವುದು ಅಂತ ನೋಡೋಕಾಗಲ್ಲ. ಎರಡನ್ನೂ ಕಿತ್ತರೆ ಕುಟುಂಬವೇ ಹಾಳು.

ಇದಕ್ಕೆ ಪರಿಹಾರವಾಗಿ 1970ರ ದಶಕದಲ್ಲಿ ಕೆನಡಾ ನೆರವಿನ ಯೋಜನೆಯೊಂದರಲ್ಲಿ ರೂಪುಗೊಂಡದ್ದು 'ಕೀನ್ಯಾ ಟಾಪ್ ಬಾರ್' ಪೆಟ್ಟಿಗೆ.

ಹೇಗಿರುತ್ತೆ?

ದನದ ಬಾನಿಯಂಥ ಉದ್ದನೆಯ ಪೆಟ್ಟಿಗೆ. ಮೇಲೆ ಅಗಲ, ಕೆಳಗೆ ಕಿರಿದು. ಬಾಯಿಗೆ ಅಡ್ಡಲಾಗಿ ಸುಮಾರು 48 ಸೆಂ.ಮೀ. ಉದ್ದದ ಮರದ ಪಟ್ಟಿಗಳನ್ನು ಸಂದಿಲ್ಲದಂತೆ ಜೋಡಿಸುತ್ತಾರೆ. ಅದರ ಮೇಲೆ ತಗಡಿನ ಮುಚ್ಚಳ. ಚೌಕಟ್ಟು ಬೇಡ, ಜೇನು ತಿರುಗಿಸುವ ಯಂತ್ರವೂ ಬೇಡ. ಗೋಡೆ ಓರೆಯಾಗಿರುವುದರಿಂದ ಹುಳುಗಳು ಎರಿಯನ್ನು ಗೋಡೆಗೆ ಅಂಟಿಸುವುದು ಕಡಿಮೆ.

32 ಮಿ.ಮೀ. ಗುಟ್ಟು

ಬೇರೆ ಅಳತೆ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತೆ. ಪಟ್ಟಿಯ ಅಗಲ ಮಾತ್ರ 32 ಮಿ.ಮೀ. ಇರಲೇಬೇಕು. ಆಫ್ರಿಕಾದ ಜೇನುಹುಳು ಒಂದು ಎರಿಯ ನಡುವಿನಿಂದ ಮುಂದಿನ ಎರಿಯ ನಡುವಿಗೆ ಬಿಡುವ ಅಂತರ ಅದು. ಅಗಲ ತಪ್ಪಿದರೆ ಎರಿ ಅಡ್ಡಾದಿಡ್ಡಿ ಕಟ್ಟಿ ಪಟ್ಟಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಹಳೇ ದಿಮ್ಮಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಪಟ್ಟಿಯ ಕೆಳಗೆ ನಡುಗೆರೆಯಲ್ಲಿ ಸ್ವಲ್ಪ ಮೇಣ ಹಚ್ಚಿದರೆ ಹುಳುಗಳು ಅಲ್ಲೇ ಕಟ್ಟಲು ಶುರು ಮಾಡುತ್ತವೆ.

ಇನ್ನೊಂದು ಲಾಭ: ಅಲ್ಲಿನ ಹುಳುಗಳಿಗೆ ಸಿಟ್ಟು ಜಾಸ್ತಿ. ಒಂದೆರಡು ಪಟ್ಟಿ ಎತ್ತಿದರೆ ಅಷ್ಟೇ ಸಂದಿ ತೆರೆಯುತ್ತೆ, ಎಲ್ಲಾ ಹುಳು ಒಮ್ಮೆಗೇ ಮೇಲೇಳಲ್ಲ.

ಸೊಂಟದೆತ್ತರಕ್ಕೆ ತೂಗು

ಪೆಟ್ಟಿಗೆಯನ್ನು ಎರಡು ಕಂಬಗಳ ನಡುವೆ ತಂತಿಯಲ್ಲಿ ನೇತುಹಾಕುತ್ತಾರೆ. ತಂತಿಗೆ ಗ್ರೀಸ್ ಹಚ್ಚಿದರೆ ಇರುವೆ ಬರಲ್ಲ. ತರಕರಡಿಗೂ ಸುಲಭವಾಗಿ ಎಟುಕಲ್ಲ. ಮರ ಹತ್ತೋದು ತಪ್ಪಿದ್ದರಿಂದ ಹೆಂಗಸರೂ ವಯಸ್ಸಾದವರೂ ಈ ಕೆಲಸ ಮಾಡಬಹುದು.

ಕೊರತೆ ಏನು?

ಎರಿ ಕತ್ತರಿಸಿ ಹಿಂಡುವುದರಿಂದ ಹುಳುಗಳು ಮತ್ತೆ ಹೊಸದಾಗಿ ಕಟ್ಟಬೇಕು. ಜೇನು ಕಮ್ಮಿಯಾಗಬಹುದು, ಮೇಣ ಮಾತ್ರ ಹೆಚ್ಚು ಸಿಗುತ್ತೆ. ಎರಿಗೆ ತಂತಿಯ ಆಸರೆ ಇಲ್ಲ. ಬಿಸಿಲಲ್ಲಿ ಅಡ್ಡ ಮಲಗಿಸಿ ಹಿಡಿದರೆ ಮುರಿದು ಬೀಳುತ್ತೆ.

ನಮ್ಮಲ್ಲಿ ಮಾಡಿ ನೋಡಬೇಕು ಅನ್ನುವವರು ಒಂದು ನೆನಪಿಡಿ: ನಮ್ಮ ತುಡುವೆ ಜೇನು ಇನ್ನೂ ಸಣ್ಣದು, ಎರಿಗಳ ಅಂತರವೂ ಕಡಿಮೆ. ಹಾಗಾಗಿ ಮೊದಲು ತುಡುವೆ ತಾನಾಗಿ ಕಟ್ಟಿದ ಎರಿಗಳನ್ನು ಅಳೆಯಿರಿ, ಆಮೇಲೆ ಬಡಗಿ ಹತ್ತಿರ ಹೋಗಿ.