ಚಾಕುವಿನ ಜಾತಕ

ಹಳೆಯ ಮಡಚುವ ಚಾಕುವೊಂದನ್ನು ನೋಡಿ ಅದು ತಯಾರಾದ ವರ್ಷವನ್ನು ಹೇಳಬಲ್ಲಿರಾ? ಅಮೆರಿಕದ ಕೇಸ್ ಕಂಪನಿಯದಾದರೆ ಹೇಳಬಹುದು.

1889ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಕೇಸ್ ಸೋದರರು ಗಾಡಿಯಲ್ಲಿ ಚಾಕು ಹೇರಿಕೊಂಡು ಮಾರುತ್ತಿದ್ದರು. ಅದೇ ಕುಟುಂಬದ ಡಬ್ಲ್ಯು. ಆರ್. ಕೇಸ್ ಅಂಡ್ ಸನ್ಸ್ ಕಂಪನಿ 1905ರಲ್ಲಿ ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್‌ನಲ್ಲಿ ನೆಲೆಯೂರಿತು.

ಅಲಗಿನ ಬುಡದಲ್ಲಿ ಹೆಸರಿನೊಡನೆ ಎರಡು ಎಕ್ಸ್ ಗುರುತುಗಳಿರುತ್ತವೆ. ಉಕ್ಕನ್ನು ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿದರೆ ಅದು ಗಡಸಾಗುತ್ತದೆ. ಆದರೆ ಸುಲಭವಾಗಿ ಮುರಿಯುತ್ತದೆ. ಮತ್ತೆ ಹದವಾಗಿ ಕಾಯಿಸಿದರೆ ಗಡಸುತನ ತುಸು ತಗ್ಗಿ ತಾಳಿಕೆ ಬರುತ್ತದೆ. ಈ ಎರಡು ಹಂತಗಳಿಗೆ ಎರಡು ಎಕ್ಸ್ ಎಂಬುದು ಕಂಪನಿಯ ವಿವರಣೆ.

1970ರಲ್ಲಿ ಹೆಸರಿನ ಕೆಳಗೆ 10 ಚುಕ್ಕಿಗಳನ್ನು ಒತ್ತಿದರು. ಬಳಿಕ ವರ್ಷಕ್ಕೊಂದು ಚುಕ್ಕಿ ಕಡಿಮೆ. 1979ಕ್ಕೆ ಉಳಿದದ್ದು ಒಂದೇ. 1980ರಲ್ಲಿ ಮತ್ತೆ 10. ಹಾಗಾದರೆ 6 ಚುಕ್ಕಿಯ ಚಾಕು 1974ರದೋ, 1984ರದೋ? 'ಎಸ್' ಅಕ್ಷರವನ್ನು ಗಮನಿಸಿ. ಅದು ಮಿಂಚಿನಂತೆ ಅಂಕುಡೊಂಕಾಗಿದ್ದರೆ 1984ರದು.

ಸಂಖ್ಯೆಯೂ ಮಾತಾಡುತ್ತದೆ. 6254 ಎಂದರೆ: 6 ಗೀರು ಕೊರೆದ ಮೂಳೆಯ ಹಿಡಿಕೆ, 2 ಎರಡು ಅಲಗು, 54 ಟ್ರ್ಯಾಪರ್ ಎಂಬ ಮಾದರಿ.

ಇಂಥ ಚಾಕುಗಳ ಸಂಗ್ರಾಹಕರಿಗೆ 1981ರಲ್ಲಿ ಒಂದು ಸಂಘವೇ ಹುಟ್ಟಿತು. ಹಳೆಯದಕ್ಕೆ ಬೆಲೆ ಬಂದೊಡನೆ ಸುಳ್ಳು ಮುದ್ರೆ ಒತ್ತುವವರೂ ಬಂದರು. ಆದ್ದರಿಂದ ಅನುಭವಿ ಸಂಗ್ರಾಹಕರು ಒಂದೇ ಗುರುತನ್ನು ನಂಬುವುದಿಲ್ಲ. ಮುದ್ರೆ, ಸಂಖ್ಯೆ, ಹಿಡಿಕೆ, ಅಲಗಿನ ಸವೆತ ಇವೆಲ್ಲ ಒಂದೇ ಮಾತು ಹೇಳುತ್ತವೆಯೇ ಎಂದು ತಾಳೆ ನೋಡುತ್ತಾರೆ. ಶಾಸನ ಓದುವವರೂ ಪ್ರಯೋಗಾಲಯದಲ್ಲಿ ದುಡಿಯುವವರೂ ಅನುಸರಿಸುವ ದಾರಿ ಇದೇ.